ದ್ವೀಪದ ನಿಯಮಾವಳಿ, ಗುರುಬಾಯಿಯ ಖಾನಾವಳಿ

ಜೇವರ್ಗಿಯ ಶಿವರಾಯ ಟೈಪಿಂಗ್ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿ, ತನ್ನಂಥ ಜಾಣ ಗುಲಬರ್ಗಾ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲವೆಂದು ತೀರ್ಮಾನಿಸಿಕೊಂಡು, ಕೆಲಸ ಹುಡುಕಲು ಆಳಂದಕ್ಕೆ ಬಂದಿಳಿದ. ಜೊತೆಗೆ ತನ್ನ ಸೈಕಲ್ಲನ್ನೂ ಬಸ್ಸಿನ ನೆತ್ತಿಯ ಮೇಲೆ ಹಾಕಿಕೊಂಡು ಬಂದಿದ್ದ. ಇಳಿಸುವಾಗ ಕ್ಲೀನರ್ ಅದನ್ನು ತೊಗರಿ ಚೀಲದಂತೆ ನೆಲಕ್ಕೆ ಒಗೆದ. ಮುಂದಿನ ಗಾಲಿಯ ರಿಮ್ಮು ಹಪ್ಪಳದಂತೆ ಸೊಟ್ಟಗಾಯಿತು. ಜಾಣನಾದ ಶಿವರಾಯ ಗಾಬರಿಯಾಗದೆ ಸೈಕಲ್ ಅಂಗಡಿ ಹುಡುಕಿದ. ಸಿಕ್ಕಿತು, ಆದರೆ ಶುಕ್ರವಾರದ ನಮಾಜಿನ ಹೊತ್ತು, ಮಾಲೀಕ ಖಾದರಸಾಬ ಬಾಗಿಲು ಅರ್ಧ ಎಳೆದು ಹೋಗಿದ್ದ. ತಲೆಯೆತ್ತಿ ನೋಡಿದರೆ ಅಂಗಡಿಯ ಮಾಳಿಗೆಯ ಮೇಲೊಂದು ಬೋರ್ಡು. ಅದರ ಮೇಲೆ ಐದು ರಿಮ್ಮುಗಳನ್ನು, ಐದು ಬಣ್ಣದಲ್ಲಿ, ಒಂದರಲ್ಲೊಂದು ಸಿಕ್ಕಿಸಿ ಬರೆದಿದ್ದರು. ಕೆಳಗೇನೋ ಅಕ್ಷರಗಳೂ ಇದ್ದವು. ಓದುವುದೆಲ್ಲ ಪರೀಕ್ಷೆಗೆ ಮಾತ್ರ ಎಂದು ನಂಬಿದ್ದ ಶಿವರಾಯ ಅವನ್ನು ಓದದೆ ಮೆಟ್ಟಿಲು ಹತ್ತಿದ.

ಮೇಲೆ ಮಲ್ಲು ಧೋತರ ಉಟ್ಟ ಭಾರೀ ಆಳೊಬ್ಬರು ಕುರ್ಚಿ ತುಂಬಿಕೊಂಡು ಕೂತಿದ್ದರು. ಅವರು ಸರಸಂಬಾದ ಬಸವಂತರಾಯರು, ಬೇಳೆ ಗಿರಣಿಯ ಮಾಲೀಕರು. ಜಿಲ್ಲಾ ಕಚೇರಿಯಿಂದ ತನಿಖೆಗೆ ಯಾರೋ ಬರುವರೆಂದು ಬೆಳಗಿನಿಂದ ಅಂಗಿಯ ಗುಂಡಿ ಬಿಚ್ಚದೆ ಕಾಯುತ್ತಿದ್ದರು.

"ಆ ಮ್ಯಾಲಿನ ಸಾಲಿನಾಗ ನಡುವಿಂದು, ಕರೀದು, ಎಂಥಾದ್ರಿ ಅದು?" ಎಂದ ಶಿವರಾಯ ಬೋರ್ಡಿನತ್ತ ಕೈಮಾಡಿ.

ಪರೀಕ್ಷೆ ಶುರುವಾಯಿತೆಂದು ಬಸವಂತರಾಯರು ನೆಟ್ಟಗೆ ಕೂತರು. "ಅದು ಆಫ್ರಿಕಾ."

"ಅಷ್ಟು ದೂರದ್ದಾ? ತುಟ್ಟಿ ಆಗ್ತದ್ರಿ. ನಮ್ಮ ಕಡೀದು ಯಾವುದು?"

"ನಮ್ಮದು ಹಳದಿ. ಏಷ್ಯಾ."

"ಹಳದಿ ಬ್ಯಾಡ್ರಿ, ಮಂದಿ ನಗ್ತಾರ. ಕರೀದೇ ಇರ್ಲಿ. ಗಟ್ಟಿ ಅದಾವೇನು?"

"ಗಟ್ಟಿ ಅಂದ್ರ? ಒಂದಕ್ಕೊಂದು ಹೆಣದಾವ. ಯಾರಪ್ಪಗೂ ಬಿಚ್ಚಲಾಕ ಬರೂದಿಲ್ಲ!"

"ಹಂಗಾದ್ರ ಐದೂ ತಗೋಬೇಕೇನ್ರಿ? ನಂದು ಒಂದೇ ಗಾಲಿ ಸೊಟ್ಟ ಆಗ್ಯಾದ."

ನಮಾಜು ಮುಗಿಸಿ ಮೆಟ್ಟಿಲೇರಿ ಬಂದ ಖಾದರಸಾಬ ಈ ವ್ಯಾಪಾರದ ಕೊನೆಯ ಭಾಗವನ್ನು ಬಾಗಿಲಲ್ಲೇ ನಿಂತು ಕೇಳಿದ. ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದು ಅವನು ನಕ್ಕದ್ದನ್ನು ಶಿವರಾಯ ಬದುಕಿರುವ ತನಕ ಮರೆಯಲಾರ. ಬೋರ್ಡಿನ ಮೇಲಿದ್ದದ್ದು 'ಆಳಂದ ತಾಲೂಕಾ ಒಲಿಂಪಿಕ್ ಸಮಿತಿ, ನೋಂದಣಿ ಆಗುವುದಿದೆ' ಎಂದು. ಆ ಐದು ಬಳೆಗಳನ್ನು ಯಾರ ಅಪ್ಪಣೆ ಕೇಳಿ ಬರೆಸಿದ್ದರೋ, ಬರೆಸಿದವರಿಗೇ ಗೊತ್ತಿರಲಿಲ್ಲ. ಬಸವಂತರಾಯರು ಮಾತ್ರ ನಗಲಿಲ್ಲ. "ಟೈಪ್ ಬರ್ತದೇನು ನಿನಗ?" ಎಂದು ಕೇಳಿದರು. ಬರುತ್ತದೆಂದ. ಅಲ್ಲಿಗೆ ಶಿವರಾಯನಿಗೆ ಕೆಲಸವಾಯಿತು. ರಾಯರದೇ ಯಂತ್ರ, ರಾಯರದೇ ಕೋಣೆ. ಜಗತ್ತಿನಲ್ಲಿ ರಿಮ್ಮು ಕೇಳಲು ಹೋಗಿ ಒಲಿಂಪಿಕ್ ಸೇರಿದವನು ತಾನೊಬ್ಬನೇ ಎಂದು ಅವನು ಆಮೇಲೆ ಹೇಳಿಕೊಳ್ಳುತ್ತಿದ್ದ, ಕೇಳುವವರಿದ್ದಾಗ.

ಸಮಿತಿ ನೋಂದಣಿಯಾಗಲು ಒಂದು ನಿಯಮಾವಳಿ ಬೇಕಾಗಿತ್ತು. ಅಂಥದ್ದನ್ನು ಕೂತು ಬರೆಯುವಷ್ಟು ತಾಳ್ಮೆ ತಾಲೂಕಿನಲ್ಲಿ ಯಾರಿಗೂ ಇರಲಿಲ್ಲ. ಬಸವಂತರಾಯರ ಸಡ್ಡಕನೊಬ್ಬ ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ. ಯಾವುದೋ ಹಡಗಿನವರು ಬಿಟ್ಟುಹೋದ ಇಂಗ್ಲಿಷ್ ಪುಸ್ತಿಕೆಯೊಂದನ್ನು ಅವನು ಕಳಿಸಿಕೊಟ್ಟ. ಅದೊಂದು ಪುಟ್ಟ ದ್ವೀಪರಾಷ್ಟ್ರದ ಒಲಿಂಪಿಕ್ ಸಮಿತಿಯ ನಿಯಮಾವಳಿ. ದೇಶದ ಹೆಸರಿದ್ದ ರಟ್ಟು ಹರಿದುಹೋಗಿತ್ತು; ಒಳಗೆಲ್ಲ 'ಈ ರಾಷ್ಟ್ರ', 'ಈ ದ್ವೀಪಗಳು' ಎಂದಷ್ಟೇ ಇತ್ತು.

"ಆ ದೇಶ ನಮ್ಮ ತಾಲೂಕಿನಷ್ಟೇ ಇರಬೇಕು. ಬರಾಬರ್ ಕೂಡ್ತದ. ಹಂಗೇ ಇಳಿಸಿಬಿಡು," ಎಂದರು ಬಸವಂತರಾಯರು.

ಶಿವರಾಯ ಇಳಿಸಿದ. ರಾಷ್ಟ್ರವನ್ನು ತಾಲೂಕು ಮಾಡಿದ. ರಾಜಧಾನಿ ದ್ವೀಪ ಆಳಂದವಾಯಿತು, ಹೊರದ್ವೀಪಗಳು ಹಳ್ಳಿಗಳಾದವು, ಬಂದರು ಬಸ್‌ಸ್ಟ್ಯಾಂಡಾಯಿತು. ಸಮುದ್ರ ಬಂದಾಗ ಒಂದು ಇಡೀ ಮಧ್ಯಾಹ್ನ ಯೋಚಿಸಿ, ಎಲ್ಲ ಕಡೆ 'ಹಳ್ಳ' ಎಂದು ಹೊಡೆದ. ತನ್ನ ಈ ಅನುವಾದಕ್ಕೆ ಯಾವುದಾದರೂ ಅಕಾಡೆಮಿಯವರು ಶಾಲು ಹೊದಿಸಬೇಕೆಂದು ಅವನಿಗೆ ಪ್ರಾಮಾಣಿಕವಾಗಿ ಅನ್ನಿಸಿತ್ತು.

ದ್ವೀಪದವರ ಏರ್ಪಾಟು ಅಚ್ಚುಕಟ್ಟಾಗಿಯೇ ಇತ್ತು, ಅದನ್ನು ಒಪ್ಪಬೇಕು. ಒಂದೊಂದು ಆಟಕ್ಕೆ ಒಂದೊಂದು ಸಂಘ. ಒಲಿಂಪಿಕ್ ಆಟಗಳ ಸಂಘಗಳು ಐದಾದರೂ ಇರಬೇಕು. ಪ್ರತಿ ಸಂಘಕ್ಕೂ ಮಹಾಸಭೆಯಲ್ಲಿ ವೋಟು. ಮಹಾಸಭೆ ಒಂದು ಕಾರ್ಯಕಾರಿ ಮಂಡಳಿಯನ್ನು ಆರಿಸುತ್ತದೆ: ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ, ಬೇಕಾದಷ್ಟು ಉಪಾಧ್ಯಕ್ಷರು, ಆಟಗಾರರ ಪ್ರತಿನಿಧಿಯೊಬ್ಬ, ಕಡ್ಡಾಯವಾಗಿ ಒಬ್ಬ ಹೆಂಗಸು. ದ್ವೀಪದಲ್ಲಿ ಓಟ, ಈಜು, ಹಾಯಿದೋಣಿ, ಬಾಕ್ಸಿಂಗ್, ಭಾರ ಎತ್ತುವುದು ಇದ್ದವು. ಆದ್ದರಿಂದ ಆಳಂದದಲ್ಲೂ ಅವೇ ಆದವು.

ಸಂಘಗಳಿಗೆ ಅಧ್ಯಕ್ಷರನ್ನು ಹುಡುಕುವುದು ಕಷ್ಟವಾಗಲಿಲ್ಲ. ಆಟಗಾರರನ್ನು ಹುಡುಕುವುದಕ್ಕೆ ಹೋಲಿಸಿದರೆ ಅದು ಯಾವಾಗಲೂ ಸುಲಭ. ಸ್ವಂತ ಬಾವಿಯಿದ್ದವರಿಗೆ ಈಜು ಹೋಯಿತು. ಒಮ್ಮೆ ಕಂಡಕ್ಟರನಿಗೆ ಹೊಡೆದು ಹೆಸರಾಗಿದ್ದ ಗೊಬ್ಬರದ ವ್ಯಾಪಾರಿಗೆ ಬಾಕ್ಸಿಂಗ್ ಹೋಯಿತು. ಭಾರ ಎತ್ತುವ ಸಂಘಕ್ಕೆ ಬಸವಂತರಾಯರ ಗುಮಾಸ್ತನಾದ; ಅವನು ಲೇಖಣಿಗಿಂತ ಭಾರವಾದದ್ದನ್ನು ಎತ್ತಿದ್ದನ್ನು ಕಂಡವರಿಲ್ಲ. ಹಾಯಿದೋಣಿ ಸಂಘ ಮಾತ್ರ ಕಿಣ್ಣಿ ಸುಲ್ತಾನದ ಜಗದೇವಪ್ಪಗೌಡರ ಪಾಲಿಗೆ ಬಂತು. ಗಾಣಗಾಪುರದ ದರ್ಶನಕ್ಕೆ ಹೋದಾಗ ಭೀಮಾನದಿಯನ್ನು ದೋಣಿಯಲ್ಲಿ ದಾಟಿದವರು ಮಂಡಳಿಯಲ್ಲಿ ಅವರೊಬ್ಬರೇ. ವಾಂತಿ ಮಾಡಿಕೊಂಡಿದ್ದರೆಂಬುದನ್ನು ಅವರೂ ಹೇಳಲಿಲ್ಲ, ಬೇರೆಯವರೂ ಕೇಳಲಿಲ್ಲ. ಬಸವಂತರಾಯರು ಸಮಿತಿಯ ಅಧ್ಯಕ್ಷರಾದರು, ಯಾಕೆಂದರೆ ಯಂತ್ರ ಅವರದು; ಖಾದರಸಾಬ ಕಾರ್ಯದರ್ಶಿಯಾದ, ಯಾಕೆಂದರೆ ಮಾಳಿಗೆ ಅವನದು. ಆಟಗಾರರ ಪ್ರತಿನಿಧಿಯ ಜಾಗ ಖಾಲಿ ಉಳಿದಾಗ ಶಿವರಾಯನ ಹೆಸರನ್ನೇ ಸೇರಿಸಿದರು. ಎರಡು ಸಲ ಓಡಿ ಬಸ್ಸು ಹಿಡಿದಿದ್ದೇನೆಂಬ ಧೈರ್ಯದ ಮೇಲೆ ಅವನೂ ಒಪ್ಪಿಕೊಂಡ.

ಹೆಂಗಸಿನ ಪ್ರಶ್ನೆ ಬಂದಾಗ ಸಭೆ ಬಿಗಿಯಾಯಿತು. ಗೌಡರು ತಮ್ಮ ಹೆಂಡತಿಯ ಹೆಸರು ಹೇಳಿದರು. ರಾಯರು ತಮ್ಮ ಹೆಂಡತಿಯ ಹೆಸರು ಹೇಳಿದರು. ಗೊಬ್ಬರದವನು ತನಗೆ ಇಬ್ಬರು ಹೆಂಡಂದಿರೆಂದೂ ಆರಿಸುವ ಅವಕಾಶವಿದೆಯೆಂದೂ ಹೇಳಿದ. ಯಾರ ಹೆಂಡತಿಯನ್ನು ಮಾಡಿದರೂ ಉಳಿದವರ ಮನೆಯಲ್ಲಿ ರಾತ್ರಿ ಅಡುಗೆಯಾಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಗ ಖಾದರಸಾಬ ಹೇಳಿದ, "ಗುರುಬಾಯಿನ್ನ ಮಾಡ್ರಿ. ಹೆಂಗಿದ್ರೂ ಊಟ ಅಲ್ಲೇ ಮಾಡ್ತೀರಿ."

ಗುರುಬಾಯಿ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಗಂಡ ಸೊಲ್ಲಾಪುರದ ಗಿರಣಿಯಲ್ಲಿ. ಅಮಾವಾಸ್ಯೆಗೆ ಬಂದು, ಎರಡು ದಿನ ಮಲಗಿ, ಸಾರಿಗೆ ಉಪ್ಪು ಕಮ್ಮಿಯೆಂದು ಹೇಳಿ ಹೋಗುತ್ತಿದ್ದ. ಅವಳು ಗಿರಾಕಿಗಳ ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿದ್ದಳು. ಅದೇ ಹೆಸರಾಗಿಬಿಡುತ್ತಿತ್ತು. "ಲೇ ಅಫಜಲಪುರ, ಕಾಲು ಮಡಚಿ ಕುಂಡ್ರು, ಮಂದಿ ಎಡವತಾರ." "ಜೇವರ್ಗಿ, ನಿನಗ ಖಾರ ಆಗೂದಿಲ್ಲಂದ್ರ ಕಣ್ಣಾಗ ನೀರು ಯಾಕ ಬಂದಾವ?" ಜೇವರ್ಗಿಯೆಂದರೆ ಶಿವರಾಯ. ಕೈ ತೊಳೆಯದೆ ಕೂತವನಿಗೆ, ಅವನು ತಹಸೀಲ ಕಚೇರಿಯ ಗುಮಾಸ್ತನಾಗಿರಲಿ ಹಮಾಲನಾಗಿರಲಿ, ತಾಟು ಬರುತ್ತಿರಲಿಲ್ಲ. ಅವಳು ಬಯ್ಯುತ್ತಲೂ ಇರಲಿಲ್ಲ. ತಾಟು ಬರುತ್ತಿರಲಿಲ್ಲ, ಅಷ್ಟೆ. ಸುಮ್ಮನೆ ಕೂತು ಕೂತು ಅವನಿಗೇ ತಿಳಿಯಬೇಕು. ಶಿವರಾಯನಿಗೆ ತಿಳಿಯಲು ಮೊದಲ ದಿನ ಮುಕ್ಕಾಲು ಗಂಟೆ ಹಿಡಿದಿತ್ತು. ಸೈಕಲ್ ರಿಮ್ಮಿನ ಪ್ರಕರಣವನ್ನು ಬಲ್ಲವರಿಗೆ ಇದೇನೂ ಆಶ್ಚರ್ಯವಲ್ಲ.

ಮಹಿಳಾ ಉಪಾಧ್ಯಕ್ಷೆಯಾದ ಸುದ್ದಿಯನ್ನು ಅವಳಿಗೆ ಸಭೆ ಮುಗಿದ ಮೇಲೆ ಹೇಳಿದರು. "ಅಂದ್ರ ಏನ್ ಮಾಡ್ಬೇಕ್ರಿ?" ಎಂದಳು. "ಏನೂ ಇಲ್ಲ," ಎಂದರು ಬಸವಂತರಾಯರು. "ನಾವೂ ಅದೇ ಮಾಡಾಕತ್ತೇವಿ," ಎಂದ ಖಾದರಸಾಬ. ಅಂದಿನಿಂದ ಸಭೆಗಳೆಲ್ಲ ಖಾನಾವಳಿಯಲ್ಲೇ ನಡೆದವು. ಅದಕ್ಕೆ ಕಾರಣ ಕೋರಂ. ಹಳ್ಳಿಯ ಸದಸ್ಯರು ನೋಟೀಸಿಗೆ ಬರುತ್ತಿರಲಿಲ್ಲ. ಪುಂಡಿಪಲ್ಯದ ದಿನ ಸಭೆಯಿಟ್ಟರೆ ಮಾತ್ರ ಕರೆಯದವರೂ ಬರುತ್ತಿದ್ದರು. ಮೊದಲ ಸಭೆಯಲ್ಲಿ ಉಪಾಧ್ಯಕ್ಷೆಯ ಅಭಿಪ್ರಾಯ ಕೇಳಿದಾಗ ಅವಳು, "ಪಲ್ಯ ಮತ್ತ ಬೇಕೇನ್ರಿ?" ಎಂದಳು. ಶಿವರಾಯ ಅದನ್ನು 'ಮಹಿಳಾ ಉಪಾಧ್ಯಕ್ಷರು ಸಭೆಗೆ ಸೂಕ್ತ ಮಾರ್ಗದರ್ಶನ ನೀಡಿದರು' ಎಂದು ಟೈಪಿಸಿದ.

ಇಷ್ಟೆಲ್ಲ ಇದ್ದ ಆಳಂದದಲ್ಲಿ ಆಟವನ್ನು ಯಾರೂ ಆಡುತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಹೈಸ್ಕೂಲಿನ ಹಿಂದಿನ ಬಯಲಿನಲ್ಲಿ ಸಂಜೆ ಹನ್ನೆರಡು ಹುಡುಗಿಯರು ಖೋಖೋ ಆಡುತ್ತಿದ್ದರು. ಡ್ರಿಲ್ ಮಾಸ್ತರರು ವರ್ಗವಾಗಿ ಹೋಗಿದ್ದರೂ ಹುಡುಗಿಯರು ಆಡುವುದನ್ನು ಬಿಟ್ಟಿರಲಿಲ್ಲ. ಅವರಲ್ಲಿ ಗುರುಬಾಯಿಯ ಮಗಳು ಗಂಗಾ ಒಬ್ಬಳು. ಬೆಳಿಗ್ಗೆ ಹಿಟ್ಟು ನಾದಿಕೊಟ್ಟು ಶಾಲೆಗೆ ಹೋಗುವ, ಮಾತು ಕಮ್ಮಿಯ, ಮೊಣಕಾಲಿನಲ್ಲಿ ಯಾವಾಗಲೂ ಒಂದು ಗಾಯ ಇಟ್ಟುಕೊಂಡಿರುವ ಹುಡುಗಿ. ಆದರೆ ಖೋಖೋ ದ್ವೀಪದ ಪುಸ್ತಿಕೆಯಲ್ಲಿ ಇರಲಿಲ್ಲ. ಪುಸ್ತಿಕೆಯಲ್ಲಿಲ್ಲದ ಆಟಕ್ಕೆ ಸಂಘವಿಲ್ಲ. ಸಂಘವಿಲ್ಲದವರಿಗೆ ವೋಟಿಲ್ಲ. ಹೀಗಾಗಿ ಆಳಂದ ತಾಲೂಕಿನಲ್ಲಿ ಹಾಯಿದೋಣಿಗೆ ದನಿಯಿತ್ತು, ನೀರಿರಲಿಲ್ಲ. ಖೋಖೋಗೆ ಹನ್ನೆರಡು ಜೊತೆ ಕಾಲಿದ್ದವು, ದನಿಯಿರಲಿಲ್ಲ.

ಎಂಬತ್ತೇಳರಲ್ಲಿ ಗುಲಬರ್ಗಾದಲ್ಲಿ ಜಿಲ್ಲಾ ಕ್ರೀಡಾಕೂಟವಾಯಿತು. ಒಂದು ತಾಲೂಕಿನಿಂದ ಹದಿನೈದು ಜನರಿಗೆ ಊಟ ವಸತಿ. ಹುಡುಗಿಯರನ್ನೂ ಕರೆದೊಯ್ಯುತ್ತೇವೆಂದು ಸಮಿತಿ ಮಾತು ಕೊಟ್ಟಿತ್ತು. ಬೆಳಿಗ್ಗೆ ಹನ್ನೆರಡು ಮಂದಿಯೂ ಒಗೆದ ಲಂಗ, ಎಣ್ಣೆ ಹಚ್ಚಿದ ಜಡೆಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು ನಿಂತರು. ಗುರುಬಾಯಿ ದಾರಿಗೆಂದು ರೊಟ್ಟಿ ಗಂಟು ಕಟ್ಟಿ ತಂದಿದ್ದಳು. ಬಸವಂತರಾಯರ ಜೀಪು ಬಂತು, ಅದರ ಹಿಂದೆ ಟೆಂಪೋ ಬಂತು. ಎರಡರ ತುಂಬ ಪದಾಧಿಕಾರಿಗಳೇ ಇದ್ದರು. ಒಬ್ಬರನ್ನು ಬಿಟ್ಟು ಒಬ್ಬರನ್ನು ಕರೆದರೆ ಬಿಟ್ಟವರ ಇಜ್ಜತ್ ಹೋಗುತ್ತದೆಂದು ರಾಯರು ಎಲ್ಲರನ್ನೂ ಕರೆದಿದ್ದರು. ಕಿಟಕಿಯಿಂದ ಕೈ ಚಾಚಿ "ಮುಂದಿನ ಸಲ, ಮುಂದಿನ ಸಲ" ಎಂದು ಹೇಳುತ್ತ ಹೋದರು. ಹುಡುಗಿಯರು ಖಾನಾವಳಿಯ ಮೆಟ್ಟಿಲ ಮೇಲೆ ಕೂತು ದಾರಿಯ ರೊಟ್ಟಿಯನ್ನು ಊರಲ್ಲೇ ತಿಂದರು. ಗಂಗಾ ತಿನ್ನಲಿಲ್ಲ. ಎರಡು ದಿನ ತಾಯಿಯ ಜೊತೆ ಮಾತೂ ಆಡಲಿಲ್ಲ. ಉಪಾಧ್ಯಕ್ಷೆಯಾಗಿ ನೀನೇನು ಮಾಡಿದಿ ಎಂದು ಅವಳು ಬಾಯಿಬಿಟ್ಟು ಕೇಳಿದ್ದರೆ ಗುರುಬಾಯಿಗೆ ಹಗುರವಾಗುತ್ತಿತ್ತು.

ಮರುವರ್ಷ ಎಂಬತ್ತೆಂಟು. ಗಂಗಾ ಹತ್ತನೆಯ ಇಯತ್ತೆ. ಶಾಲೆ ಮುಗಿದರೆ ಆ ಹನ್ನೆರಡು ಜನರಲ್ಲಿ ಅರ್ಧದಷ್ಟು ಗಂಡನ ಮನೆಗೆ, ಉಳಿದವರು ಹೊಲಕ್ಕೆ. ಮತ್ತೆ 'ಮುಂದಿನ ಸಲ' ಎಂಬುದು ಇಲ್ಲವೆಂದು ಬಯಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕ್ರೀಡಾಕೂಟದ ಹಿಂದಿನ ವಾರ ಸಭೆ ಸೇರಿದಾಗ ಬಸವಂತರಾಯರು ನಿಯೋಗದ ಹದಿನೈದು ಹೆಸರು ಓದಿದರು. ಹದಿನಾಲ್ವರು ಪದಾಧಿಕಾರಿಗಳು. ಹದಿನೈದನೆಯವನು ಬೋರ್ಡು ಹಿಡಿದು ಮುಂದೆ ನಡೆಯಲು ಗೌಡರ ಅಳಿಯ.

ರೊಟ್ಟಿ ಹಾಕುತ್ತಿದ್ದ ಗುರುಬಾಯಿ ನಿಂತಳು. "ನಮ್ಮ ಹುಡುಗ್ಯಾರ ಹೆಸರು ಎಲ್ಲ್ಯಾವ್ರಿ?"

"ಈ ಸಲ ದ್ವೀಪದ ಪ್ರಕಾರ ಹೊಂಟೇವಿ," ಎಂದರು ಜಗದೇವಪ್ಪಗೌಡರು. "ಒಂದೊಂದು ಸಂಘಕ್ಕ ಅಧ್ಯಕ್ಷ, ಕಾರ್ಯದರ್ಶಿ. ಖೋಖೋ ಅದರಾಗ ಬರೂದಿಲ್ಲ."

"ಗುಲಬರ್ಗಾದಾಗ ಹಾಯಿದೋಣಿ ಆಟ ಇಟ್ಟಾರೇನ್ರಿ?"

"ಆಟ ಇರ್ಲಿ ಬಿಡ್ಲಿ, ಪ್ರಾತಿನಿಧ್ಯ ಬೇಕಲ್ಲ?"

ಖಾದರಸಾಬ ಪಟ್ಟಿಯನ್ನು ಎರಡು ಸಲ ನೋಡಿದ. ಅವನ ಹೆಸರು ಹದಿನಾರನೆಯದಾಗಿ, 'ಯಾರಾದರೂ ಬಾರದಿದ್ದರೆ' ಎಂಬ ಷರಾದ ಕೆಳಗಿತ್ತು. ಹಿಂದಿನ ವರ್ಷ ಗುಲಬರ್ಗಾದಲ್ಲಿ ಅವನು ಗೌಡರ ಪಾಲಿನ ಬಾಳೆಹಣ್ಣು ತಿಂದಿದ್ದನಂತೆ. ಅವನು ಗಡ್ಡ ನೀವಿಕೊಂಡ. ಗಲಾಟೆಯಾಗಿ, ಅಂತಿಮ ಠರಾವು ಗುರುವಾರಕ್ಕೆ ಹೋಯಿತು. ಶುಕ್ರವಾರ ಬೆಳಿಗ್ಗೆ ಸಮಿತಿಯ ಮೊಹರು ಬಿದ್ದ ಠರಾವು ಗುಲಬರ್ಗಾದಲ್ಲಿರಬೇಕಿತ್ತು.

ಬುಧವಾರದ ಇರುಳು ಶುರುವಾದ ಮಳೆ ಗುರುವಾರ ಮಧ್ಯಾಹ್ನಕ್ಕೂ ನಿಲ್ಲಲಿಲ್ಲ. ಸರಸಂಬಾದ ಕಡೆ ಹೋದ ಬಸ್ಸು ಅರ್ಧ ದಾರಿಯಿಂದ ತಿರುಗಿ ಬಂತು. ಹಳ್ಳ ಬಂದು ಸೇತುವೆ ಕಾಣುತ್ತಿಲ್ಲ ಎಂದ ಡ್ರೈವರ್, ಒದ್ದೆ ಪಂಜಿ ಹಿಂಡುತ್ತ. ಕಿಣ್ಣಿ ಸುಲ್ತಾನದ ಬಸ್ಸು ಹೊರಡಲೇ ಇಲ್ಲ. ಉಳಿದ ಪದಾಧಿಕಾರಿಗಳೆಲ್ಲ ಹಳ್ಳದಾಚೆಯ ಹಳ್ಳಿಗಳವರೇ. ಗುಲಬರ್ಗಾದ ದಾರಿಯೊಂದೇ ಎತ್ತರದ್ದು, ಅದು ತೆರೆದಿತ್ತು. ಖಾನಾವಳಿಯಲ್ಲಿ ಪುಂಡಿಪಲ್ಯ ಮಾಡಿಟ್ಟುಕೊಂಡು ಗುರುಬಾಯಿ, ಮೊಹರಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಖಾದರಸಾಬ, ಯಾರು ಬಾರದಿದ್ದರೂ ಊಟಕ್ಕೆ ಬರುವ ಶಿವರಾಯ, ಮೂವರೇ. ಒಳಗೆ ಗಂಗಾ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು.

"ಸಭಾ ಇಲ್ಲ," ಎಂದ ಖಾದರಸಾಬ. "ಯಾರೂ ಹೋಗೂದಿಲ್ಲ ಈ ಸಲ. ಅದೊಂದು ಸಮಾಧಾನ ನನಗ."

ಶಿವರಾಯನಿಗೆ ಊಟದ ಹೊತ್ತಿನಲ್ಲಿ ಜೋಕು ಹೇಳುವ ಕೆಟ್ಟ ಚಟವಿತ್ತು. ರೊಟ್ಟಿ ಮುರಿಯುತ್ತ ಹೇಳಿದ, "ನಾವು ಆ ದ್ವೀಪದಾಗ ಇದ್ದಿದ್ರ ಈಗಲೇ ಕೋರಂ ಆಗ್ತಿತ್ರಿ. ಅಲ್ಲಿ ಸಮುದ್ರ ಉಕ್ಕಿ ದೋಣಿ ನಿಂತ್ರ, ರಾಜಧಾನಿಯೊಳಗ ಇದ್ದ ಸದಸ್ಯರು ಮೂರು ಮಂದಿ ಆದ್ರೂ ಸಾಕು, ಅವರು ಮಾಡಿದ್ದೇ ಫೈಸಲಾ."

ಗುರುಬಾಯಿ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟಳು. "ಅದು ನಮ್ಮದರಾಗ ಅದನೋ ಇಲ್ಲೋ?"

"ಅದ. ಸಮುದ್ರ ಇದ್ದಲ್ಲಿ ಹಳ್ಳ ಮಾಡೀನಿ. 'ಹಳ್ಳ ಬಂದು ಬಸ್ಸು ನಿಂತಲ್ಲಿ...'" ಎನ್ನುತ್ತಿದ್ದಂತೆ ಶಿವರಾಯನಿಗೆ ತಾನು ಹೇಳುತ್ತಿರುವುದು ಕೇಳಿಸಿತು. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಹಳ್ಳ ಬಂದದ," ಎಂದಳು ಗುರುಬಾಯಿ.

"ಬಸ್ಸೂ ನಿಂತದ," ಎಂದ ಖಾದರಸಾಬ ನಿಧಾನವಾಗಿ. ಅವನ ಮುಖದ ಮೇಲೆ ಹದಿನಾರನೆಯ ನಂಬರು ಕರಗತೊಡಗಿತು. "ನಾನು, ನೀವು, ಇಂವ. ಮೂರು ಮಂದಿ. ಬರಾಬರ್."

"ನಾ ಅಲ್ರಿ!" ಎಂದ ಶಿವರಾಯ. "ನಾ ಬರೇ ಟೈಪಿಸ್ಟ್."

"ಆಟಗಾರರ ಪ್ರತಿನಿಧಿ ಯಾರು? ನಿಮ್ಮಪ್ಪನಾ?"

"ಕಾಕಾ, ಯಂತ್ರ ರಾಯರದು, ಕ್ವಾಣಿ ರಾಯರದು. ಹಳ್ಳ ಇಳದ ಕೂಡ್ಲೇ ನನ್ನ ಹಾಸಿಗಿ ಹೊರಗ ಬೀಳ್ತದ."

"ಬಿದ್ರ ನನ್ನ ಅಂಗಡ್ಯಾಗ ಮಲಗು. ರಿಮ್ಮು ಭಾಳ ಅದಾವ, ತಲಿಗಿಂಬು ಮಾಡ್ಕೋ."

ಗುರುಬಾಯಿ ಅವನಿಗೆ ಬುದ್ಧಿ ಹೇಳಲಿಲ್ಲ. ಹುಡುಗಿಯರ ಕಥೆ ತೆಗೆಯಲಿಲ್ಲ. ಎರಡನೆಯ ರೊಟ್ಟಿಯನ್ನು ತಂದಳು. ತಾಟಿನಿಂದ ಒಂದು ಗೇಣು ಮೇಲೆ ಹಿಡಿದು ನಿಂತಳು. "ಹನ್ನೆರಡು ಹುಡುಗ್ಯಾರು, ಮತ್ತ ನಾವು ಮೂವರು. ಹದಿನೈದು. ಒಪ್ಪಿಗಿ ಇದ್ದವರು ಕೈ ಎತ್ರಿ," ಎಂದಳು. ತಾನು ಒಂದು ಕೈ ಎತ್ತಿದಳು. ಖಾದರಸಾಬ ಎರಡೂ ಕೈ ಎತ್ತಿದ.

ಒಳಗೆ ಕಟ್ಟಿಗೆ ಒಟ್ಟುವ ಸದ್ದು ನಿಂತಿತು. ಶಿವರಾಯ ಗೋಡೆ ನೋಡಿದ, ಮಳೆ ನೋಡಿದ, ರೊಟ್ಟಿ ನೋಡಿದ. ತನ್ನೊಳಗೆ ಒಬ್ಬ ವೀರ ಮಲಗಿದ್ದಾನೆಯೇ ಎಂದು ಹುಡುಕಿದ. ಇದ್ದವನು ನಿದ್ದೆಯಿಂದ ಏಳುವ ಲಕ್ಷಣವಿರಲಿಲ್ಲ. ಕೊನೆಗೆ ಎಡಗೈಯನ್ನು ಕಿವಿಯ ತನಕ ಎತ್ತಿ, ಕಿವಿ ತುರಿಸಿಕೊಂಡಂತೆಯೂ ಕಾಣುವ ಹಾಗೆ ಹಿಡಿದ.

"ಎಡಗೈ ನಡಿಯೂದಿಲ್ಲ," ಎಂದಳು ಗುರುಬಾಯಿ. "ನಾಳಿಗಿ ಇಲ್ಲಂತ ಹೇಳಾಕ ಬರೋ ಕೈ ಅದು. ಉಣ್ಣೋ ಕೈ ಎತ್ತು."

ಪುಂಡಿಪಲ್ಯ ಮೆತ್ತಿದ ಬಲಗೈ ಮೇಲೆದ್ದಿತು. ಪಲ್ಯದ ರಸ ಮೊಣಕೈ ತನಕ ಇಳಿಯಿತು. ಆಳಂದ ತಾಲೂಕಾ ಒಲಿಂಪಿಕ್ ಸಮಿತಿಯ ಏಕೈಕ ಉಪಯುಕ್ತ ಠರಾವು ಹೀಗೆ ಸರ್ವಾನುಮತದಿಂದ ಪಾಸಾಯಿತು. ಖಾದರಸಾಬ ಮೊಹರಿಗೆ ಬಾಯಿಂದ ಹಾ ಎಂದು ಉಸಿರು ಬಿಟ್ಟು ಒತ್ತಿದ. ಎರಡನೆಯ ರೊಟ್ಟಿ ತಾಟಿಗೆ ಬಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹದಿನೈದೂ ಜನ ಗುಲಬರ್ಗಾ ಮುಟ್ಟಿದರು. ಪಥಸಂಚಲನದಲ್ಲಿ ಬೇರೆ ತಾಲೂಕುಗಳು ಬೋರ್ಡು, ಬಾವುಟ, ಬಿಳಿ ಬೂಟು ತಂದಿದ್ದವು. ಆಳಂದದವರು ಬರಿಗಾಲಲ್ಲಿ ನಡೆದರು. ವೇದಿಕೆಯ ಮೇಲೆ ತಾಲೂಕು ಅಧ್ಯಕ್ಷರಿಗಾಗಿ ಇಟ್ಟ ಕುರ್ಚಿಗಳಲ್ಲಿ ಅಫಜಲಪುರದ ಅಧ್ಯಕ್ಷರಿಗೂ ಜೇವರ್ಗಿಯ ಅಧ್ಯಕ್ಷರಿಗೂ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುರುಬಾಯಿ ಕೂತಳು. ನಿರೂಪಕ ಅವಳನ್ನು 'ಆಳಂದದ ಖ್ಯಾತ ಕ್ರೀಡಾ ಮುತ್ಸದ್ದಿ' ಎಂದು ಕರೆದ. ಜೇವರ್ಗಿಯವರು ಬಗ್ಗಿ, "ನಿಮ್ಮಲ್ಲಿ ಯಾವ ಆಟ ಜೋರದರಿ?" ಎಂದು ಕೇಳಿದರಂತೆ. "ಪಟ್ಟಿ ಮಾಡೂದು," ಎಂದಳಂತೆ.

ಖೋಖೋದಲ್ಲಿ ಆಳಂದದವರು ಮೊದಲು ಅಫಜಲಪುರವನ್ನು ಸೋಲಿಸಿದರು. ಗಂಗಾ ಕಂಬಕ್ಕೆ ಕೈಕೊಟ್ಟು ತಿರುಗುವಾಗ ಅವಳ ಜಡೆ ಬೆನ್ನಟ್ಟಿದವಳ ಮುಖಕ್ಕೆ ಬಡಿಯುತ್ತಿತ್ತು, ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡುವ ಹುಡುಗಿ ಅಲ್ಲಿ "ಖೋ!" ಎಂದು ಕೂಗಿದ್ದು ಗುಲಬರ್ಗಾ ಊರ ನಡುವಿನ ಸುಪರ್ ಮಾರ್ಕೆಟ್ಟಿನ ತನಕ ಕೇಳಿರಬೇಕು. ಎರಡನೆಯ ಪಂದ್ಯ ಜೇವರ್ಗಿಯ ಮೇಲೆ. ಹುಟ್ಟೂರಿಗೆ ಕೂಗಬೇಕೋ ಉಂಡ ಊರಿಗೆ ಕೂಗಬೇಕೋ ತಿಳಿಯದೆ ಶಿವರಾಯ ಎರಡಕ್ಕೂ ಕೂಗಿ, ಎರಡೂ ಕಡೆಯವರಿಂದ ಬೈಸಿಕೊಂಡ. ಆಳಂದ ಸೋತಿತು. ಸಣ್ಣ ಅಂತರವೂ ಅಲ್ಲ, ಚೆನ್ನಾಗಿಯೇ ಸೋತಿತು. ಜೇವರ್ಗಿಯವರಿಗೆ ಬೂಟೂ ಇದ್ದವು, ಡ್ರಿಲ್ ಮಾಸ್ತರರೂ ಇದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗಿಯರು ಸೋತವರಂತೆ ಕಾಣಲಿಲ್ಲ. ಯಾರು ಯಾರನ್ನು ಹೇಗೆ ಔಟು ಮಾಡಿದರೆಂದು ಆಳಂದ ಬರುವ ತನಕ ಜಗಳಾಡಿದರು. ಗಂಗಾ ತಾಯಿಯ ಹೆಗಲ ಮೇಲೆ ತಲೆಯಿಟ್ಟು ಬಾಯಿ ತೆರೆದು ಮಲಗಿದ್ದಳು.

ಹಳ್ಳ ಇಳಿಯಿತು. ತುರ್ತು ಮಹಾಸಭೆ ಸೇರಿತು. ಯಾವ ಪಲ್ಯವೆಂದು ಕೇಳದೆ ಎಲ್ಲ ಸದಸ್ಯರೂ ಬಂದ ಮೊದಲ ಸಭೆ ಅದು. ಗುರುಬಾಯಿ ಎಂದಿನಂತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಿವರಾಯ ಮೂಲೆಯಲ್ಲಿ, ಹಾಸಿಗೆಯನ್ನು ಮೊದಲೇ ಸುತ್ತಿ ಖಾದರಸಾಬನ ಅಂಗಡಿಯಲ್ಲಿಟ್ಟು ಬಂದು ಕೂತಿದ್ದ. ಹೊರಗೆ ಬೀಳುವುದಕ್ಕಿಂತ ತಾನೇ ಹೊರಗಿಡುವುದು ಮರ್ಯಾದೆಯೆಂದು ಅವನ ಲೆಕ್ಕ.

ಜಗದೇವಪ್ಪಗೌಡರು ಎದ್ದರು. "ಕಾನೂನು ಅಂದ್ರ ಕಾನೂನು. ದ್ವೀಪದಾಗ ಸಮುದ್ರ ಅಂತದ. ಹಳ್ಳ ಅಂದ್ರ ಸಮುದ್ರ ಆಗ್ತದೇನು? ಈ ಠರಾವು ರದ್ದು!"

"ಆಗೂದಿಲ್ಲಂತೀರಿ?" ಎಂದ ಖಾದರಸಾಬ ವಿನಯದಿಂದ. "ಬರೋಬ್ಬರಿ. ಹಳ್ಳ ಸಮುದ್ರ ಅಲ್ಲಂದ್ರ ನಿಮ್ಮ ಹಾಯಿದೋಣಿ ಸಂಘ ಎಲ್ಲಿ ಓಡ್ತದ್ರಿ ಗೌಡ್ರ? ಅದೂ ರದ್ದು ಮಾಡೂಣು? ಬರಕೋ ಶಿವರಾಯ."

ಗೌಡರು ನಿಂತಷ್ಟೇ ಬೇಗ ಕೂತರು. ಈಜಿನವರೂ ತಮ್ಮ ಬಾವಿಯ ಬಗ್ಗೆ ಮಾತು ಬರುವ ಮೊದಲೇ ನೀರು ಕುಡಿಯಲು ಎದ್ದುಹೋದರು. ನಿಯಮಾವಳಿಯನ್ನು ಓದದೆ ಕೈಯೆತ್ತಿ ಒಪ್ಪಿದವರೇ ಎಲ್ಲರೂ ಆಗಿದ್ದರಿಂದ ಅದರಲ್ಲಿ ಇನ್ನೇನೇನಿದೆಯೋ ಎಂಬ ಭಯ ಸಭೆಯನ್ನು ಹಿಡಿಯಿತು.

ಬಸವಂತರಾಯರ ಚಿಂತೆ ಮಾತ್ರ ಕುರ್ಚಿಯದಾಗಿತ್ತು. ಜಿಲ್ಲಾ ವೇದಿಕೆಯ ಮೇಲೆ ತಮ್ಮ ಕುರ್ಚಿಯಲ್ಲಿ ಯಾರು ಕೂತಿದ್ದರೆಂಬುದನ್ನು ನಾಲ್ಕು ಜನ ನಾಲ್ಕು ತರಹ ಬಣ್ಣಿಸಿ ಅವರ ಕಿವಿಗೆ ಹಾಕಿದ್ದರು. ಕಾನೂನಿನ ದಾರಿ ಮುಚ್ಚಿತೆಂದು ತಿಳಿದು ಅವರು ಬೇರೆ ದಾರಿ ಹಿಡಿದರು. ದನಿ ತಗ್ಗಿಸಿ, ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿ, ಒಲೆಯ ಕಡೆ ತಿರುಗಿದರು.

"ಗುರುಬಾಯಿ, ಒಂದು ಸೀದಾ ಕೇಳ್ತೇನಿ, ಸೀದಾ ಹೇಳ್ರಿ. ತಾಲೂಕು, ಆಟ, ಹೆಣ್ಣುಮಕ್ಕಳು ಅನ್ನೂದೆಲ್ಲಾ ಬಾಜೂಕ ಇಡ್ರಿ. ಆ ಟೀಮಿನ್ಯಾಗ ನಿಮ್ಮ ಮಗಳು ಇದ್ದಾಳಂತ ಹೇಳೇ ಇಷ್ಟೆಲ್ಲಾ ಮಾಡೀರಿ. ಹೌದೋ ಅಲ್ಲೋ?"

ರೊಟ್ಟಿಯ ಸಪ್ಪಳ ನಿಂತಿತು. ಗಂಗಾ ಒಳಬಾಗಿಲಲ್ಲಿ ನೀರಿನ ಚರಿಗೆ ಹಿಡಿದವಳು ಹಾಗೇ ನಿಂತಳು. ಶಿವರಾಯ ಮನಸ್ಸಿನಲ್ಲೇ ಅವಳ ಪರವಾಗಿ ನಾಲ್ಕಾರು ಉತ್ತರ ಟೈಪು ಮಾಡಿದ: ತಾಲೂಕಿನ ಸಮಸ್ತ ಬಾಲಕಿಯರ ಹಿತದೃಷ್ಟಿಯಿಂದ, ಕ್ರೀಡಾ ಮನೋಭಾವದಿಂದ, ನಿಯಮಗಳಿಗೆ ಅನುಸಾರವಾಗಿ. ಎಲ್ಲವೂ ಚೆಂದವಾಗಿದ್ದವು.

ಗುರುಬಾಯಿ ಕೈಯ ಹಿಟ್ಟು ಕೊಡವಿದಳು.

"ಹೌದ್ರಿ, ನನ್ನ ಮಗಳ ಸಲುವಾಗೇ ಮಾಡೀನಿ. ಇಷ್ಟು ಮಂದಿ ಕುಂತೀರಲ್ಲ, ನಿಮ್ಮೊಳಗ ಒಬ್ಬರ ಮಗಳರೆ ಆ ಬಯಲಿಗಿ ಆಡಾಕ ಬಂದಿದ್ರ, ಇದನ್ನೆಲ್ಲಾ ನೀವೇ ಮಾಡ್ತಿದ್ರಿ, ನಾ ಸುಮ್ಮ ರೊಟ್ಟಿ ಬಡಕೋತ ಇರ್ತಿದ್ದೆ."